ಗವಂಡಿ ಧಮ್ಮಪಾಲನ ಮಣ್ಣಿನ ಮನೆ

ನರೋಣಾದಲ್ಲಿ ಸಿಮೆಂಟಿನ ಮನೆ ಕಟ್ಟಿಸುವವರು ಮೊದಲು ಗವಂಡಿ ಧಮ್ಮಪಾಲನನ್ನೇ ಹುಡುಕಿಕೊಂಡು ಬರುತ್ತಿದ್ದರು. ತನ್ನ ನಾಲ್ಕು ಕೋಣೆಯ ಸ್ಲ್ಯಾಬಿನ ಮನೆಯನ್ನೂ ಅವನೇ ಕಟ್ಟಿದ್ದ. ಅವರ ಕೇರಿಗೆ ಅದೇ ಮೊದಲನೆಯದು. ಅಂಥವನು ಭಾನುವಾರ ಬಂತೆಂದರೆ ಮಣ್ಣೂರಿನ ದಾರಿ ಹಿಡಿಯತೊಡಗಿದಾಗ ಹೆಂಡತಿ ಸುಮಂಗಲಾಗೆ ಸಂಶಯ ಹುಟ್ಟಿತು.

“ಮಣ್ಣೂರಾಗ ಯಾವ ಕೆಲಸ ಹಿಡಿದೀರಿ?”

“ಕೆಲಸ ಅಲ್ಲ. ಸುಮ್ಮ ಹೋಗಿ ಬರ್ತೇನಿ.”

ಸುಮ್ಮನೆ ಹೋದವನ ಪೈಜಾಮಕ್ಕೆ ಮೊಣಕಾಲತನಕ ಬಿಳಿಮಣ್ಣು ಮೆತ್ತಿರುತ್ತದೆಯೇ? ಒಮ್ಮೆ ಅಂಗಿಯ ಜೇಬಿನಲ್ಲಿ, ಸುಣ್ಣ ಹಚ್ಚಿ ಅಚ್ಚುಕಟ್ಟಾಗಿ ಮಡಿಚಿದ ವೀಳ್ಯದೆಲೆ ಸಿಕ್ಕಿತು. ಅವನು ಎಲೆ ತಿನ್ನುವವನೇ ಅಲ್ಲ. ಮಡಿಚಿ ಕೊಟ್ಟವಳು ಯಾರು?

ಅದೇ ವಾರ ಶಾಲೆಯ ಶಿಕ್ಷಕಿ ಮೆಹನಾಜ ಬಂದು, “ಮನಿ ಬಾಡಿಗಿಗೆ ಕೊಡ್ತೀರಂತಲ್ರಿ?” ಎಂದು ಕೇಳಿದಳು. ಮನೆ ಬಾಡಿಗೆಗೆ ಕೊಟ್ಟು ಈತ ಇರುವುದೆಲ್ಲಿ? ಯಾರ ಜೊತೆ?

ಮುಂದಿನ ಭಾನುವಾರ ಸುಮಂಗಲಾ ಅವನು ಹತ್ತಿದ್ದರ ನಂತರದ ಬಸ್ಸಿಗೇ ಹೊರಟಳು. ಅಫಜಲಪುರದಲ್ಲಿ ಬಸ್ಸು ಬದಲಿಸಿ ಮಣ್ಣೂರಿನಲ್ಲಿ ಇಳಿದು, ನರೋಣಾದ ಗವಂಡಿ ಎಲ್ಲಿ ಎಂದು ವಿಚಾರಿಸಿದಳು. ಹೊಳೆಯ ಕಡೆಯ, ಮಣ್ಣಿನ ಮಾಡಿನ ಹಳೆಯ ಮಾಳಿಗೆ ಮನೆಯೊಂದನ್ನು ತೋರಿಸಿದರು. ಅಂಗಳದಲ್ಲಿ ಧಮ್ಮಪಾಲ ಮಣ್ಣು ತುಳಿಯುತ್ತಿದ್ದ. ಕಟ್ಟೆಯ ಮೇಲೆ ಅವನಿಗೆ ಮಣ್ಣಿನ ಕೆಲಸ ಕಲಿಸುತ್ತಿದ್ದ, ಎಂಬತ್ತು ದಾಟಿದ ಮಾಳಮ್ಮ ಎಲೆ ಮಡಿಚುತ್ತ ಬೈಯುತ್ತಿದ್ದಳು.

“ಯಾರಬೇ ನೀ? ಇಂವನ ಹೆಂಡ್ತಿಯೇನು? ನೋಡು, ನಿನ್ನ ಗಂಡಗ ಇನ್ನೂ ಮಣ್ಣು ತುಳಿಯಾಕ ಬರವಲ್ದು!”

ಧಮ್ಮಪಾಲ ತಲೆ ತಗ್ಗಿಸಿ ಅಂಗೈ ತೋರಿಸಿದ. ಸಿಮೆಂಟು ತಿಂದು ತಿಂದು ಬಿರಿದ ಕೈ. ಡಾಕ್ಟರು ಇನ್ನು ಸಿಮೆಂಟು ಮುಟ್ಟಬಾರದು ಎಂದಿದ್ದರು. “ನಮ್ಮ ಹೊಲದಾಗ ಮಣ್ಣಿನ ಸಣ್ಣ ಮನಿ ಕಟ್ಟಬೇಕಂತೇನಿ. ನಾಲ್ಕು ಕೋಣಿ ನಮಗಿಬ್ರಿಗೆ ಯಾಕ? ನಿನಗ ಹೇಳಿದ್ರ ಬ್ಯಾಡ ಅಂತಿದ್ದಿ.”

“ಅಂತಿದ್ದೆ! ನಿಮ್ಮವ್ವ ಸೋರೋ ಗುಡಿಸಲಾಗ ಬೋಗುಣಿ ಇಟ್ಟು ಇಟ್ಟು ಸತ್ತಳು. ಅದರಾಗಿಂದ ಎದ್ದು ಬಂದೇವಿ. ಮತ್ತ ಅದಕ್ಕ ಹೋಗೋಣೇನು?”

“ಆಗ ನಮ್ಮನ್ನ ಊರ ಹೊರಗ ಇಟ್ಟಿದ್ರು. ಈ ಹೊಲ ನಾವ ಕೊಂಡದ್ದು.”

ಉತ್ತರ ಚೆನ್ನಾಗಿತ್ತು. ಚೆನ್ನಾಗಿದ್ದುದಕ್ಕೇ ಅವಳಿಗೆ ಇನ್ನಷ್ಟು ಗುಮಾನಿ. ಬಸ್ಸಿನಲ್ಲಿ ಬರುವಾಗ ಷರತ್ತು ಹಾಕಿದಳು: ಪಾಯಿಖಾನೆಗೆ ಟೈಲ್ಸು ಇರಬೇಕು, ಸ್ಲ್ಯಾಬಿನ ಮನೆಯನ್ನು ಮೆಹನಾಜಳಿಗೆ ಒಂದೇ ವರ್ಷಕ್ಕೆ ಬಾಡಿಗೆ ಕೊಡಬೇಕು.

ಬೇಸಿಗೆಯಲ್ಲಿ ಮನೆ ಎದ್ದಿತು. ಒಂದು ಕೋಣೆ, ಒಂದು ಅಡುಗೆಮನೆ. ಗೋಡೆ ಎರಡು ಮೊಳ ದಪ್ಪ. ಮಾಡಿಗೆ ತೊಲೆ, ಬೇವಿನ ಸೊಪ್ಪು, ಅದರ ಮೇಲೆ ಹದವಾಗಿ ತುಳಿದ ಬಿಳಿಮಣ್ಣು. ಸುತ್ತಲಿನ ನೆಲವನ್ನು ಅವನು ಅಗೆಯಲೇ ಇಲ್ಲ. ತೊಗರಿ ಹೊಟ್ಟು ಹರಡಿ ಮುಚ್ಚಿ, ನಡುನಡುವೆ ನುಗ್ಗೆಯ ಕೊಂಬೆ, ಪುಂಡಿ ಸೊಪ್ಪಿನ ಬೀಜ, ಹಾಗಲ ಬೀಜ ಊರಿದ.

“ಅಗೀಲಾರದ ಏನು ಬೆಳೀತದ? ಹೊಟ್ಟಿನ ಕೆಳಗ ಹಾವು ಬೆಳೀತಾವ,” ಎಂದು ದಿನಾ ಬೆಳಿಗ್ಗೆ ಕೋಲು ಹಿಡಿದು ಚುಚ್ಚಿ ನೋಡುತ್ತಿದ್ದಳು. ಹಾವು ಸಿಗಲಿಲ್ಲ, ಎರೆಹುಳು ಸಿಕ್ಕವು.

ಮೊದಲ ಮಳೆಗೆ ಕೋಣೆಯ ನಡುವೆ ಕುಳಿತು ಮೇಲೆ ನೋಡಿದಳು. ಮೂಲೆಯಲ್ಲಿ ಹನಿ ಬಿತ್ತು. “ಬಿತ್ತು ನೋಡ್ರಿ!” ಅವಳ ದನಿಯಲ್ಲಿ ಗೆದ್ದ ಸಂತೋಷವೇ ಇತ್ತು. ಮಳೆ ನಿಂತ ಮೇಲೆ ಧಮ್ಮಪಾಲ ಮಾಡು ಹತ್ತಿ ಮಣ್ಣು ಮುಚ್ಚಿ ಗಟ್ಟಿಯಾಗಿ ತುಳಿದ. ಆಮೇಲೆ ಆ ಮೂಲೆ ಸೋರಲಿಲ್ಲ. ಆದರೂ ದಸರೆಯವರೆಗೆ ಬೋಗುಣಿ ಅಲ್ಲೇ ಇತ್ತು.

ಮರುವರ್ಷದ ಉರಿಬಿಸಿಲಿನಲ್ಲಿ ಕೇರಿಯ ಸೀಮಾ ಬಂದಳು. ಒಳಗಿನ ತಂಪಿಗೆ ಕೂಲರ್ ಎಲ್ಲಿದೆ ಎಂದು ಸುತ್ತ ನೋಡಿದಳು. ಆಮೇಲೆ ಮೆಲ್ಲಗೆ, ತನಗೂ ಇಂಥದ್ದೊಂದು ಕಟ್ಟಿಕೊಡುತ್ತಾನೆಯೇ ಎಂದು ಕೇಳಿದಳು. ಧಮ್ಮಪಾಲ ಬಾಯಿ ತೆರೆಯುವುದರೊಳಗೆ ಸುಮಂಗಲಾ ಹೇಳಿದಳು:

“ಅವಸರ ಮಾಡಬ್ಯಾಡಬೇ. ಇನ್ನೊಂದು ಮಳಿಗಾಲ ನಾ ನೋಡ್ತೇನಿ. ಆಮ್ಯಾಲ ಹೇಳ್ತೇನಿ.”

ಹೇಳಿ, ಸೀಮಾಳ ಉಡಿ ತುಂಬ ಆಗಷ್ಟೇ ಕಿತ್ತ ಪುಂಡಿಪಲ್ಯ ಹಾಕಿ ಕಳಿಸಿದಳು. ಮೆಹನಾಜಳಿಗೆ ಸ್ಲ್ಯಾಬಿನ ಮನೆಯನ್ನು ತಾನೇ ಮತ್ತೊಂದು ವರ್ಷಕ್ಕೆ ಕೊಟ್ಟ ಸಂಗತಿಯನ್ನು ಮಾತ್ರ ಹೇಳಲಿಲ್ಲ.