ತಾರೀಕು ಮುಗಿದ ಡ್ರಾಫ್ಟ್

ನನ್ನ ಬಿ.ಕಾಂ. ಎರಡನೇ ವರ್ಷ ಮುಗಿಯುತ್ತಿದ್ದಾಗ ಮಹಿಳಾ ಕಬಡ್ಡಿ ಲೀಗಿನ ಒಂದು ತಂಡ ಡ್ರಾಫ್ಟ್‌ನಲ್ಲಿ ನನ್ನ ಹೆಸರು ಆರಿಸಿತು. ದೊಡ್ಡಬಳ್ಳಾಪುರದ ಮನೆಗೆ ಓಡಿಬಂದು, ಮಗ್ಗದ ಸದ್ದು ಮೀರಿಸಿ ಕೂಗಿದೆ: "ಅಮ್ಮಾ, ಡ್ರಾಫ್ಟ್ ಬಂದಿದೆ."

"ಯಾವ ಬ್ಯಾಂಕಿಂದು?" ಅಂದಳು ಅಮ್ಮ.

ಅವಳಿಗೆ ಡ್ರಾಫ್ಟ್ ಎಂದರೆ ಡಿ.ಡಿ. ಮಾತ್ರ. ಕಾಲೇಜಿಗೆ ಅರ್ಜಿ ಹಾಕುವಾಗ ಬ್ಯಾಂಕಿನಲ್ಲಿ ಸಾಲು ನಿಂತು ಮಾಡಿಸಿದವಳು ಅವಳೇ. ತಂಡಗಳು ಸರದಿಯಂತೆ ಆಟಗಾರ್ತಿಯರನ್ನು ಆರಿಸಿಕೊಳ್ಳುವುದಕ್ಕೂ ಅದೇ ಹೆಸರು ಎಂದು ಬಿಡಿಸಿ ಹೇಳುವಷ್ಟರಲ್ಲಿ ನನಗೆ ರೇಗಿಹೋಯಿತು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ನನಗೆ.

ಸೋಮವಾರದೊಳಗೆ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಹಾಕಿದರೆ ಕಾಲೇಜಿನ ಪರವಾಗಿ ಆಡುವಂತಿಲ್ಲ. ಆಡದಿದ್ದರೆ ಬೆಂಗಳೂರಿನ ಕಾಲೇಜಿನಲ್ಲಿ ಕ್ರೀಡಾ ಕೋಟಾದಿಂದ ಸಿಕ್ಕ ಫೀಸಿಲ್ಲದ ಸೀಟು, ಹಾಸ್ಟೆಲ್ ಎರಡೂ ಹೋಗುತ್ತಿದ್ದವು. ಓದು ಹಾಳಾಗಿ ಹೋಗಲಿ ಅನ್ನಿಸಿತ್ತು. ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಎಂದು ನಂಬಿದ್ದೆ.

ಭಾನುವಾರ ಕಾಲೇಜಿನ ಕಬಡ್ಡಿ ಸರ್ ಮನೆಗೆ ಬಂದರು. ಕರೆಂಟು ಹೋದರೆ ಮಾತ್ರ ನಿಲ್ಲುವ ಮಗ್ಗವನ್ನು ಅಮ್ಮ ಅವತ್ತು ತಾನಾಗಿಯೇ ನಿಲ್ಲಿಸಿದಳು.

"ಸರ್, ಸಹಿ ಹಾಕಿದ್ಮೇಲೆ ಇವಳ ಮಂಡಿಗೇನಾದ್ರೂ ಆದ್ರೆ ಸೀಟು ವಾಪಸ್ ಕೊಡ್ತಾರಾ?"

"ಇಲ್ಲಮ್ಮ."

"ಸಹಿ ಹಾಕ್ದೇನೇ ತಾರೀಕು ಮುಗಿದ್ರೆ? ಡಿ.ಡಿ. ಆದ್ರೆ ಬ್ಯಾಂಕಿಗೆ ತಗೊಂಡೋದ್ರೆ ಹೊಸ ತಾರೀಕು ಹಾಕ್ಕೊಡ್ತಾರೆ."

"ಅದು ಡಿ.ಡಿ. ಅಲ್ಲ ಅಂತ ಎಷ್ಟು ಸಲ ಹೇಳ್ಲಿ ಅಮ್ಮ," ಎಂದೆ. ಸರ್ ಎದುರಿಗೆ ನನಗೆ ತಲೆ ಎತ್ತಲಾಗಲಿಲ್ಲ.

ಸರ್ ನಗಲಿಲ್ಲ. "ನಿಮ್ಮಮ್ಮ ಹೇಳೋದು ಸರಿ ಕಣಮ್ಮ. ಸಹಿ ಹಾಕ್ದಿದ್ರೆ ನಿನ್ನ ಹೆಸರು ಮುಂದಿನ ವರ್ಷದ ಪಟ್ಟಿಗೆ ಮತ್ತೆ ಹೋಗುತ್ತೆ. ಯಾರಾದ್ರೂ ಆರಿಸೇ ಆರಿಸ್ತಾರೆ ಅಂತ ಮಾತ್ರ ಹೇಳಕ್ಕಾಗಲ್ಲ."

ಸಹಿ ಹಾಕದಿರಲು ನಾನು ಅಳುತ್ತಲೇ ಒಪ್ಪಿದೆ. ಸೋಮವಾರ ಕಳೆಯಿತು. ವಾರವಿಡೀ ಅಮ್ಮನೊಡನೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸದವಳಂತೆ ನನ್ನ ಮುದ್ದೆಗೆ ತುಪ್ಪ ಹಾಕುತ್ತಿದ್ದಳು.

ಈ ವರ್ಷ ಕೊನೆಯ ಪರೀಕ್ಷೆ ಮುಗಿದ ವಾರವೇ ಸರ್ ಫೋನ್ ಮಾಡಿದರು. ಬೇರೊಂದು ತಂಡ ನನ್ನನ್ನು ಆರಿಸಿತ್ತು. ಸುದ್ದಿ ಕೇಳಿದ ಅಮ್ಮ ಒಳಗೆ ಹೋಗಿ, ಬೀರುವಿನಲ್ಲಿ ಸೀರೆಗಳ ಅಡಿಯಿಂದ ಮಡಿಸಿದ ಕಾಗದವೊಂದನ್ನು ತಂದಳು. ಹೋದ ವರ್ಷ ನಾನು ಸಿಟ್ಟಿನಲ್ಲಿ ಮುದುರಿ ಎಸೆದಿದ್ದ ಒಪ್ಪಂದ ಅದು. ಸುಕ್ಕುಗಳನ್ನೆಲ್ಲ ನೀವಿ ಸರಿಮಾಡಿದ್ದಳು.

"ತಗೋ, ಹೊಸ ತಾರೀಕು ಹಾಕಿಸ್ಕೊಂಡು ಬಾ."

ಅದು ಡಿ.ಡಿ. ಅಲ್ಲ ಎಂದು ಈ ಸಲ ನಾನು ಹೇಳಲಿಲ್ಲ.