ಜೂಲಿಗೆ ಹಚ್ಚಿದ ಮಗ್ಗದ ಎಣ್ಣೆ

ನಮ್ಮ ನಾಯಿಮರಿ ಮೈ ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡಿತ್ತು. ಇವತ್ತು ಡಾಕ್ಟರು ಕೂದಲುದುರಿದ ಜಾಗ ನೋಡಿ, "ಕಜ್ಜಿ ಕಣಮ್ಮ, ಮಾತ್ರೆಯಲ್ಲೇ ವಾಸಿಯಾಗುತ್ತೆ. ಮನೇಲಿ ಎಣ್ಣೆಗಿಣ್ಣೆ ಹಚ್ಚಿಲ್ಲ ತಾನೆ?" ಅಂದರು. ಎಣ್ಣೆ ಅಂದಿದ್ದೇ ತಡ, ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯ ವಾಸನೆ ಮೂಗಿಗೆ ಬಡೀತು.

ನಾನು ಚಿಕ್ಕವಳಿದ್ದಾಗ ಅಲ್ಲಿ ಎಲ್ಲಕ್ಕೂ ಮಗ್ಗದ ಯಂತ್ರಕ್ಕೆ ಬಿಡೋ ಎಣ್ಣೆಯೇ. ಬಾಗಿಲು ಕಿರುಗುಟ್ಟಿದರೂ ಅದೇ, ಅಪ್ಪನ ಮಂಡಿ ನೋವಿಗೂ ಅದೇ. ನಮ್ಮ ನಾಯಿ ಜೂಲಿಯ ಬೆನ್ನು ಬೋಳಾಗಿ ಚರ್ಮ ಒರಟಾದಾಗ, ಮಗ್ಗದಡಿಯ ತಟ್ಟೆಗೆ ಸೋರಿ ನಿಂತಿದ್ದ ಕಪ್ಪು ಎಣ್ಣೆಯನ್ನ ಅಪ್ಪ ತಂದರು. "ಹಿಡ್ಕೊಳ್ಳೇ, ಮೂರು ದಿನದಲ್ಲಿ ಹೊಸ ಕೂದಲು ಬರುತ್ತೆ."

ನಾನು ಬಿಸ್ಕತ್ತು ತೋರಿಸಿ ಕರೆದೆ. ಜೂಲಿ ಬಾಲ ಆಡಿಸ್ಕೊಂಡು ಬಂತು. ಅಪ್ಪ ಕಿವಿಯಿಂದ ಬಾಲದವರೆಗೂ ಬಳಿದರು. ಅಮ್ಮನಿಗೆ ನೇಯ್ದಿಟ್ಟ ಸೀರೆಗಳದ್ದೇ ಚಿಂತೆ: "ಒಳಗೆ ಬಿಡ್ಬೇಡಿ, ಕಲೆಯಾದ್ರೆ ಸೀರೆ ಯಾರು ತಗೋತಾರೆ?" ಅದಕ್ಕೇ ಹಿತ್ತಲಲ್ಲಿ ಕಟ್ಟಿದೆವು. ಅಲ್ಲಿ ಅದು ದಿನವಿಡೀ ತನ್ನ ಮೈ ತಾನೇ ನೆಕ್ಕುತ್ತಾ ಕೂತಿತ್ತು. ಸಂಜೆಗೆ ವಾಂತಿ ಶುರುವಾಯಿತು. ಮೂರನೇ ದಿನ ನಾನು ಹಾಲಿಟ್ಟಾಗ ಏಳಲೇ ಇಲ್ಲ.

ಅಪ್ಪ ಸೋಪಿನ ಪುಡಿ ಹಾಕಿ ಹಾಕಿ ಕೈ ತೊಳೀತಾನೇ ಇದ್ದರು. ಆ ಎಣ್ಣೆ ನೆಕ್ಕಿದರೆ ವಿಷ ಅಂತ ಅವರಿಗೆ ಗೊತ್ತಿರಲಿಲ್ಲ, ನಿಜ. ಆದರೆ ಬಿಸ್ಕತ್ತು ತೋರಿಸಿ ಕರೆದವಳು ನಾನು.

"ಸ್ವಲ್ಪ ಹಿಡ್ಕೊಳ್ಳಿ, ಮಾತ್ರೆ ನುಂಗಿಸ್ತೀನಿ," ಅಂದರು ಡಾಕ್ಟರು. ಹಿಡ್ಕೊಂಡೆ. ಮರಿ ನನ್ನ ಕೈ ನೆಕ್ಕೋಕೆ ಬಂತು. ಗಾಬರಿಯಾಗಿ ಕೈ ಹಿಂದಕ್ಕೆಳ್ಕೊಂಡುಬಿಟ್ಟೆ.