ನೆಟ್ಟಿಗೆ ಕಟ್ಟಿದ ಫೋನು

ತಿಪ್ಪೇಶಪ್ಪ ಮೇಷ್ಟ್ರು ನ್ಯಾಮತಿಯ ರಸ್ತೆಯಲ್ಲಿ ನಡೆದು ಬಂದರೆ ಕರೆಂಟಿನ ತಂತಿ ಪರೀಕ್ಷಿಸಲು ಬಂದವರಂತೆ ಕಾಣುತ್ತಿದ್ದರು. ಗದ್ದ ಮೇಲೆ, ಭುಜ ಹಿಂದಕ್ಕೆ. ನಮ್ಮ ಮನೆ ಎದುರಿನ ಹೈಸ್ಕೂಲಿಗೆ ಅವರು ಪಿ.ಟಿ. ಮೇಷ್ಟ್ರು. ಬಸ್ ಸ್ಟ್ಯಾಂಡಿನಲ್ಲಿ ಮೊಬೈಲಿಗೆ ಬಾಗಿ ನಿಂತ ಹುಡುಗರನ್ನು ಕಂಡರೆ ಹತ್ತಿರ ಹೋಗಿ ಮೆಲ್ಲಗೆ ಕೇಳುತ್ತಿದ್ದರು: "ಏನಪ್ಪಾ ಕೊಕ್ಕರೆ, ಮೀನು ಸಿಕ್ತಾ?"

ಹುಡುಗರು ನಕ್ಕು ತಲೆ ಎತ್ತುತ್ತಿದ್ದರು. ಮೇಷ್ಟ್ರು ತಿರುವು ದಾಟುವಷ್ಟರಲ್ಲಿ ಮತ್ತೆ ಬಾಗುತ್ತಿದ್ದರು.

ಇದರ ಫಲ ವಾಲಿಬಾಲ್ ಅಂಕಣದಲ್ಲಿ ಕಾಣುತ್ತಿತ್ತು. ಮೇಲೆ ಹೋದ ಚೆಂಡನ್ನು ನೋಡಲು ಮಕ್ಕಳು ಕುತ್ತಿಗೆ ಎತ್ತಲಾಗದೆ ಸೊಂಟವನ್ನೇ ಹಿಂದಕ್ಕೆ ಬಗ್ಗಿಸುತ್ತಿದ್ದರು. "ಚೆಂಡು ಮ್ಯಾಲೈತೆ ಕಣ್ರೋ, ನೆಲದಾಗೇನು ಹುಡುಕ್ತೀರಿ?" ಎಂದು ಮೇಷ್ಟ್ರು ಕೂಗುವುದು ನಮ್ಮ ಅಡುಗೆಮನೆವರೆಗೂ ಕೇಳುತ್ತಿತ್ತು.

ಮೊಬೈಲ್ ಬಿಡಿ ಎಂದು ಅವರು ಹೇಳಲಿಲ್ಲ. ತಮ್ಮದೇ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನೆಟ್ಟಿನ ಮೇಲಿನ ಹಗ್ಗಕ್ಕೆ ಕಟ್ಟಿದರು. ರೀಲ್ಸ್ ಓಡುತ್ತಿತ್ತು. "ಎಷ್ಟು ಬೇಕಾದ್ರೂ ನೋಡ್ರಿ. ಮುಂದಿಂದು ಬೇಕಂದ್ರೆ ಹಾರಿ ಮುಟ್ಬೇಕು."

ಮಕ್ಕಳು ಹಾರಿದರು. ಒಂದು ಸಂಜೆ ರೀಲ್ಸ್ ನಡುವೆ ಹೆಡ್‌ಮಾಸ್ಟರರ ಕರೆ ಬಂತು. ಅದನ್ನು ಕಟ್ ಮಾಡಲೆಂದು ನಮ್ಮ ಪಕ್ಕದ ಮನೆಯ ಸಹನಾ ಹಾರಿ ಹೊಡೆದಳು. ಫೋನು ಕವರು ಸಮೇತ ಆಚೆ ಬದಿಗೆ ಬಿದ್ದು ಗಾಜು ಬಿರುಕು ಬಿಟ್ಟಿತು. "ಪಾಯಿಂಟ್!" ಎಂದರು ಮೇಷ್ಟ್ರು. ಪ್ರಯೋಗ ಅಲ್ಲಿಗೆ ಮುಗಿಯಿತು. ಆದರೆ ಆ ಹೊಡೆತ ನೋಡಿದ ಅವರು ದಾವಣಗೆರೆಯ ಜಿಲ್ಲಾ ತಂಡದ ಆಯ್ಕೆಗೆ ಸಹನಾಳ ಹೆಸರು ಕೊಟ್ಟರು.

ಅಷ್ಟರಲ್ಲಿ ಅವಳಿಗೆ ಕುತ್ತಿಗೆ ಹಿಡಿಯಿತು. ಫೋನು ಕಡಿಮೆ ಮಾಡಬೇಕು, ಕುತ್ತಿಗೆಗೆ ರೆಸ್ಟ್ ಕೊಡಬೇಕು ಎಂದರು ಹೊನ್ನಾಳಿಯ ಡಾಕ್ಟರು. ತಂದೆ ಶಿವಣ್ಣ ಎರಡನೆಯದನ್ನಷ್ಟೇ ಪಾಲಿಸಿ ಆಟ ನಿಲ್ಲಿಸಿದರು. ಸಹನಾ ದಿಂಬಿಗೆ ಒರಗಿ, ಗದ್ದವನ್ನು ಎದೆಗೊತ್ತಿ, ದಿನವಿಡೀ ಫೋನು ನೋಡುತ್ತ ರೆಸ್ಟ್ ಮಾಡಿದಳು. ನೋವು ಜಾಸ್ತಿಯಾಯಿತು.

ಮೇಷ್ಟ್ರು ಅವರ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ.

"ನಿಮ್ಮ ಆಟದಿಂದ್ಲೇ ಸಾರ್ ಹಿಂಗಾಗಿದ್ದು. ಇನ್ನ ಕಳ್ಸಾಕೆ ಆಗಲ್ಲ ನೋಡ್ರಿ," ಎಂದು ಶಿವಣ್ಣ ಅಡಿಕೆ ರೇಟು ನೋಡಲು ಫೋನಿಗೆ ಬಾಗಿದರು.

ಮೇಷ್ಟ್ರು ವಾದ ಮಾಡಲಿಲ್ಲ. ಶಿವಣ್ಣನವರ ಹಿಂದಿನಿಂದ ಒಂದು ಫೋಟೊ ತೆಗೆದು ತೋರಿಸಿದರು. ಮುಖ ಕಾಣುತ್ತಿರಲಿಲ್ಲ, ಗೂನು ಬೆನ್ನು ಕಾಣುತ್ತಿತ್ತು.

"ಇದು ನಮ್ಮಪ್ಪಾರಲ್ವೇನ್ರೀ? ತೀರ್ಕೊಂಡು ಎಷ್ಟೋ ವರ್ಷ ಆತು. ನಿಮಗೆಲ್ಲಿ ಸಿಕ್ತು?"

"ಈಗ ಸಿಕ್ತು. ಅಂಗಿ ಬಣ್ಣ ನೋಡ್ಕೊಳ್ರಿ."

ಶಿವಣ್ಣ ತಮ್ಮ ನೀಲಿ ಅಂಗಿ ನೋಡಿಕೊಂಡರು. ಸಹನಾ ದಿಂಬಿನಲ್ಲಿ ಮುಖ ಹುದುಗಿಸಿದಳು. "ನಾನು ಹೇಳಿದ್ರೆ ಕೇಳ್ತಿದ್ರೇನು? ಫೋಟೊನೇ ಬೇಕಾತು," ಎಂದು ಒಳಗಿನಿಂದ ಅವಳ ತಾಯಿಯ ದನಿ ಬಂತು.

"ಅಲ್ಲ ಶಿವಣ್ಣಾರೆ," ಎಂದರು ಮೇಷ್ಟ್ರು, "ನೀವು ವಾಲಿಬಾಲ್ ಯಾವಾಗ ಆಡಿದ್ರಿ?"

ಶಿವಣ್ಣ ಫೋನನ್ನು ಜೇಬಿಗಿಳಿಸಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮರುದಿನದಿಂದ ಸಹನಾಳ ಫೋನು ಹೆಚ್ಚು ಹೊತ್ತು ಬೀರುವಿನಲ್ಲೇ ಇರತೊಡಗಿತು. ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಮೇಷ್ಟ್ರು ದಿನಾ ಬಂದು ಮಾಡಿಸಿದರು. ನೋವು ಇಳಿದ ಮೇಲೆ ಅವಳು ಮತ್ತೆ ಅಂಕಣಕ್ಕಿಳಿದಳು. ಆಯ್ಕೆಗೆ ಮೊದಲೇ ಮೇಷ್ಟ್ರಿಗೆ ಜಗಳೂರಿನ ಕಡೆಗೆ ವರ್ಗವಾಯಿತು. ದಾವಣಗೆರೆಗೆ ಮಗಳನ್ನು ಬೈಕಿನಲ್ಲಿ ಕರೆದುಕೊಂಡು ಹೋದವರು ಶಿವಣ್ಣ.

ಈಚೆಗೆ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕರು. ಸಹನಾ ಆಯ್ಕೆಯಾಗಲಿಲ್ಲ ಎಂದೆ.

"ಕುತ್ತಿಗೆ ಹೆಂಗೈತೆ?"

"ನೋವಿಲ್ಲಂತೆ ಸಾರ್."

"ಅವರಪ್ಪ? ಆಟ ಬಿಡ್ಸಿದ್ರಾ?"

"ಇಲ್ಲ. ಬರೋ ದಾರೀಲಿ ಹೊಸ ಶೂ ಕೊಡಿಸ್ಕೊಂಡು ಬಂದ್ರು."

ಮೇಷ್ಟ್ರು ಕೊರಳಲ್ಲಿದ್ದ ಸೀಟಿ ಎತ್ತಿ ಜೋರಾಗಿ ಊದಿಬಿಟ್ಟರು. ಕಂಡಕ್ಟರನೇ ಊದಿದನೆಂದುಕೊಂಡು ಡ್ರೈವರ್ ಅವರು ಹತ್ತಬೇಕಿದ್ದ ಬಸ್ಸನ್ನು ಹೊರಡಿಸಿದ. "ಏ, ನಿಲ್ಸ್ರೋ!" ಎಂದು ಕೂಗುತ್ತ, ನಗುತ್ತ, ಮೇಷ್ಟ್ರು ಅದರ ಹಿಂದೆ ಓಡಿದರು.